ಬೀಜಮೂಲವೂ ನೆಡುವ ಅಂತರವೂ: ಹಿರೇಗುತ್ತಿ ಪರಿಸರದ ನೆಡುತೋಪುಗಳ ಚರಿತ್ರೆ

ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನಲ್ಲಿ, ಕುಮಟಾ ಮತ್ತು ಅಂಕೋಲಾ ಪಟ್ಟಣಗಳ ನಡುವೆ ಸಾಗುವ ರಾಷ್ಟ್ರೀಯ ಹೆದ್ದಾರಿಯ ಮೇಲೆ ಹಿರೇಗುತ್ತಿ ಗ್ರಾಮವಿದೆ. ಅದರ ಪಶ್ಚಿಮಕ್ಕೆ ಗೋಕರ್ಣದ ಕಡಲತೀರ, ದಕ್ಷಿಣದ ಕಡೆ ಅಘನಾಶಿನಿಯ ಅಳಿವೆ ಮತ್ತು ಗಜನಿ ಗದ್ದೆಗಳು, ಪೂರ್ವಕ್ಕೆ ಜಂಬಿಟ್ಟಿಗೆಯ ಗುಡ್ಡಗಳು, ಅವುಗಳ ಆಚೆಗೆ ಘಟ್ಟದ ಕಾಡು. ಕೆಲವೇ ಹರದಾರಿಗಳ ಅಂತರದಲ್ಲಿ ಮಣ್ಣು ಮೂರು ಬಗೆಯಾಗಿ ಬದಲಾಗುವ ಈ ಪ್ರದೇಶದಲ್ಲಿ ಮನುಷ್ಯನು ನೆಟ್ಟು ಬೆಳೆಸಿದ ಮರಗಳೂ ಮುಖ್ಯವಾಗಿ ಮೂರು ಬಗೆಯವು: ಕಡಲಂಚಿನ ಮರಳಿನಲ್ಲಿ ಗಾಳಿಮರ, ಬೋಳುಗುಡ್ಡಗಳ ಮೇಲೆ ಅಕೇಶಿಯ, ಘಟ್ಟದ ತಪ್ಪಲಿನಲ್ಲೂ ಅದರ ಮೇಲೂ ತೇಗ. ಈ ಮೂರರ ಚರಿತ್ರೆಯನ್ನು ಇದುವರೆಗೆ ಆಡಳಿತದ ದೃಷ್ಟಿಯಿಂದ, ಇಲ್ಲವೇ ಪರಿಸರ ಚಳವಳಿಗಳ ದೃಷ್ಟಿಯಿಂದ ಬರೆದದ್ದೇ ಹೆಚ್ಚು. ಮರದ ದೃಷ್ಟಿಯಿಂದ ನೋಡಿದಾಗ ಎರಡು ಪ್ರಶ್ನೆಗಳು ಮುಖ್ಯವಾಗುತ್ತವೆ. ನೆಟ್ಟ ಬೀಜ ಎಲ್ಲಿಯದು? ಸಸಿಗಳನ್ನು ಎಷ್ಟು ಅಂತರದಲ್ಲಿ ನೆಡಲಾಯಿತು? ಮರ ಎಷ್ಟು ದಪ್ಪವಾಗುತ್ತದೆ, ಕಾಂಡ ನೇರವಾಗಿರುತ್ತದೆಯೇ, ನಾಟಾದಲ್ಲಿ ಗಂಟುಗಳೆಷ್ಟು, ಕೆಚ್ಚು ಎಷ್ಟು ಎಂಬುದೆಲ್ಲ ಬಹುಮಟ್ಟಿಗೆ ಈ ಎರಡು ತೀರ್ಮಾನಗಳಲ್ಲಿ ಅಡಗಿದೆ. ಇವುಗಳಲ್ಲಿ ಎರಡನೆಯದಕ್ಕೆ ಲೆಕ್ಕವಿದೆ. ಮೊದಲನೆಯದು ಬಹುಕಾಲ ಲೆಕ್ಕದ ಹೊರಗೇ ಉಳಿಯಿತು.

ಇದು ವಿಚಿತ್ರವೆನ್ನಬೇಕು. ಏಕೆಂದರೆ ಇದೇ ನೆಲದ ಕೃಷಿಕರಿಗೆ ಬೀಜಮೂಲದ ಮಹತ್ವ ಚೆನ್ನಾಗಿ ತಿಳಿದಿತ್ತು. ಉಪ್ಪುನೀರು ನುಗ್ಗುವ ಗಜನಿಯಲ್ಲಿ ಬೇರೆ ಭತ್ತ ನಿಲ್ಲದು. ಕಗ್ಗ ಭತ್ತ ಮಾತ್ರ ನಿಲ್ಲುತ್ತದೆ. ಆ ಗುಣ ತಳಿಯದೆಂದು ತಿಳಿದೇ ರೈತರು ಅದರ ಬೀಜವನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿದ್ದಾರೆ. ಭತ್ತದ ವಿಷಯದಲ್ಲಿದ್ದ ಈ ವಿವೇಕ ಮರದ ವಿಷಯದಲ್ಲಿ ರೂಢಿಯಾಗಲು ಕಾರಣವೇ ಇರಲಿಲ್ಲ. ಕಾಡಿನ ಮರವನ್ನು ಯಾರೂ ನೆಡುತ್ತಿರಲಿಲ್ಲ, ಅದು ತಾನಾಗಿ ಹುಟ್ಟುತ್ತಿತ್ತು. ನೆಡುವ ಕೆಲಸ ಆರಂಭವಾದದ್ದು ಕಾಡು ತೀರತೊಡಗಿದ ಮೇಲೆ.

ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಮಿರ್ಜಾನ, ಗೋಕರ್ಣ, ಅಂಕೋಲಾಗಳ ಮೂಲಕ ಹಾದುಹೋದ ಕಾಲಕ್ಕೆ ಕೆನರಾದ ತೇಗ ಹಡಗು ಕಟ್ಟುವವರ ದೃಷ್ಟಿಯಲ್ಲಿ ಬೆಲೆಯುಳ್ಳ ವಸ್ತುವಾಗಿತ್ತು. ಕೆನರಾ ಜಿಲ್ಲೆ ಎರಡಾಗಿ, ಉತ್ತರ ಭಾಗವು 1862ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ ಬಳಿಕ ಇಲ್ಲಿನ ಕಾಡಿನ ಮೇಲಿನ ಹಿಡಿತ ಬಿಗಿಯಾಯಿತು. 1878ರ ಅರಣ್ಯ ಕಾಯಿದೆಯ ಅನಂತರ ಮೀಸಲು ಅರಣ್ಯದ ಗಡಿಗಳು ಗಟ್ಟಿಗೊಂಡವು. ಘಟ್ಟದ ಕಾಡು ಮೀಸಲಾದಂತೆ ಸೊಪ್ಪು, ಸೌದೆ, ಬೇಲಿಗೂಟಗಳ ಭಾರವೆಲ್ಲ ಕರಾವಳಿಯ ಗುಡ್ಡಗಳ ಮೇಲೆ ಬಿತ್ತು. ಈ ಪಟ್ಟಿಯ ಜನರ ತೊಂದರೆಗಳನ್ನು ವಿಚಾರಿಸಿದ ಕಾಲಿನ್ಸ್ ಎಂಬ ಅಧಿಕಾರಿಯ 1920ರ ದಶಕದ ಆರಂಭದ ವರದಿ ಪ್ರಸಿದ್ಧವಾಗಿದೆ. ಕುಮಟೆಯ ಬಳಿಯ ಹಳಕಾರದಲ್ಲಿ 1924ರಲ್ಲಿ ಗ್ರಾಮ ಅರಣ್ಯ ಪಂಚಾಯತು ಹುಟ್ಟಿದ್ದು ಇದೇ ಹಿನ್ನೆಲೆಯಲ್ಲಿ. ಅಲ್ಲಿ ಊರವರೇ ಕಾವಲಿದ್ದು ಸ್ಥಳೀಯ ಮರಗಳು ತಾವಾಗಿ ಚಿಗುರಲು ಬಿಟ್ಟರು. ಉಳಿದ ಗುಡ್ಡಗಳಲ್ಲಿ ಇಂಥ ಕಾವಲು ಇರಲಿಲ್ಲ. ಮಣ್ಣು ಕೊಚ್ಚಿಹೋಗಿ ಜಂಬಿಟ್ಟಿಗೆ ಮೇಲೆದ್ದ ಆ ಬೋಳುಗುಡ್ಡಗಳೇ ಮುಂದೆ ಅಕೇಶಿಯದ ನೆಲವಾದವು.

ನೆಡುವ ಅಂತರದ ಕುರಿತ ವಿಚಾರ ದಕ್ಷಿಣ ಭಾರತದಲ್ಲಿ ತೇಗದೊಂದಿಗೆ ಬೆಳೆಯಿತು. ಮಲಬಾರಿನ ಕಲೆಕ್ಟರ್ ಕಾನೊಲಿ 1840ರ ದಶಕದಲ್ಲಿ ನಿಲಂಬೂರಿನಲ್ಲಿ ಚಾತು ಮೆನನ್ ಅವರ ಶ್ರಮದಿಂದ ಬೆಳೆಸಿದ ತೋಪುಗಳು ಈ ವಿದ್ಯೆಯ ಪಾಠಶಾಲೆಯಾದವು. ತೇಗದ ನೆಡುತೋಪುಗಳಲ್ಲಿ ರೂಢಿಯಾದ ಅಂತರ ಆರು ಅಡಿಗೆ ಆರು ಅಡಿ, ಅಂದರೆ ಎಕರೆಗೆ 1210 ಸಸಿಗಳು. ಇಷ್ಟು ಮರಗಳು ಕೊನೆಯವರೆಗೆ ನಿಲ್ಲಲೆಂದು ಯಾರೂ ಬಯಸಿರಲಿಲ್ಲ. ಒತ್ತಾಗಿ ನೆಟ್ಟರೆ ಎಲೆಗಳು ಬೇಗ ಒಂದಕ್ಕೊಂದು ಕೂಡಿ ನೆಲಕ್ಕೆ ನೆರಳಾಗುತ್ತದೆ, ಕಳೆ ಅಡಗುತ್ತದೆ. ಬೆಳಕಿಗಾಗಿ ಪೈಪೋಟಿ ನಡೆಸುವ ಸಸಿಗಳು ನೇರವಾಗಿ ಮೇಲೇಳುತ್ತವೆ; ಕೆಳಗಿನ ಕೊಂಬೆಗಳು ಬೆಳಕಿಲ್ಲದೆ ಎಳೆಯದರಲ್ಲೇ ಒಣಗಿ ಉದುರುತ್ತವೆ. ಕೊಂಬೆ ಸಣ್ಣದಿರುವಾಗಲೇ ಉದುರಿದರೆ ನಾಟಾದಲ್ಲಿ ಗಂಟೂ ಸಣ್ಣದು. ಬಳಿಕ ಕೆಲವು ವರ್ಷಗಳಿಗೊಮ್ಮೆ ಕುಂಟಿದ, ಡೊಂಕಾದ ಮರಗಳನ್ನು ತೆಗೆದು ತೋಪನ್ನು ವಿರಳಗೊಳಿಸುತ್ತ ಹೋಗಿ, ಕಟಾವಿನ ಹೊತ್ತಿಗೆ ಎಕರೆಗೆ ಬೆರಳೆಣಿಕೆಯ ಡಜನುಗಳಷ್ಟು ಉತ್ತಮ ಮರಗಳನ್ನು ಮಾತ್ರ ಉಳಿಸಿಕೊಳ್ಳುವುದು ಕ್ರಮ. ಆದ್ದರಿಂದ ಆರಂಭದ ದಟ್ಟಣೆ ಮತ್ತು ವಿರಳಗೊಳಿಸುವಿಕೆ ಒಂದೇ ಕೆಲಸದ ಎರಡು ಭಾಗಗಳು. ಮೊದಲನೆಯದನ್ನು ಮಾಡಿ ಎರಡನೆಯದನ್ನು ಬಿಟ್ಟರೆ ಮರಗಳು ಎತ್ತರಕ್ಕೆ ಎದ್ದೂ ಸಪುರವಾಗಿ ಉಳಿಯುತ್ತವೆ.

ಎತ್ತರ ಮತ್ತು ದಪ್ಪಗಳು ದಟ್ಟಣೆಗೆ ಒಂದೇ ರೀತಿ ಸ್ಪಂದಿಸುವುದಿಲ್ಲ. ಎತ್ತರವನ್ನು ಮುಖ್ಯವಾಗಿ ನಿರ್ಧರಿಸುವುದು ನೆಲದ ಸಾರ ಮತ್ತು ತಳಿ. ಸಾಧಾರಣ ಮಿತಿಯೊಳಗೆ ಅಂತರವನ್ನು ಹಿಗ್ಗಿಸಿದರೂ ಕುಗ್ಗಿಸಿದರೂ ಅದು ಅಷ್ಟಾಗಿ ಬದಲಾಗದು. ಕಾಂಡದ ದಪ್ಪ ಹಾಗಲ್ಲ, ಅದು ಅಂತರವನ್ನು ನೇರವಾಗಿ ಅವಲಂಬಿಸಿದೆ. ಹೆಕ್ಟೇರಿಗೆ ಸಿಗುವ ಒಟ್ಟು ಕಟ್ಟಿಗೆ ಮೊದಲ ವರ್ಷಗಳಲ್ಲಿ ದಟ್ಟ ತೋಪಿನಲ್ಲೇ ಹೆಚ್ಚು. ಸೌದೆಗೆ, ಕಾಗದದ ತಿರುಳಿಗೆ ಅದು ಲಾಭ. ಹಲಗೆ ಸೀಳುವವನಿಗೆ ಅದೇ ನಷ್ಟ, ಏಕೆಂದರೆ ಅವನಿಗೆ ಬೇಕಾದುದು ಒಟ್ಟು ತೂಕವಲ್ಲ, ಒಂದೊಂದು ದಿಮ್ಮಿಯ ಸುತ್ತಳತೆ. ಹಾಗೆಂದು ಮೊದಲಿನಿಂದಲೇ ತೀರ ವಿರಳವಾಗಿ ನೆಟ್ಟರೆ ಕೊಂಬೆಗಳು ದಪ್ಪವಾಗಿ, ಬುಡ ದಪ್ಪ ತುದಿ ಸಣ್ಣವಾಗಿ, ಕಾಂಡದ ನಡುವೆ ಎಳೆಯ ಪ್ರಾಯದ ಸಡಿಲ ಮರದ ಭಾಗ ಅಗಲವಾಗುತ್ತದೆ.

ಇಲ್ಲಿ ಒಂದು ಜನಪ್ರಿಯ ನಂಬಿಕೆಯನ್ನು ಪರಿಶೀಲಿಸಬೇಕು. ನಿಧಾನವಾಗಿ ಬೆಳೆದ ಮರವೇ ಗಟ್ಟಿ ಎಂಬ ಮಾತು ಬಡಗಿಗಳಲ್ಲೂ ಮನೆ ಕಟ್ಟಿಸುವವರಲ್ಲೂ ಪ್ರಚಲಿತವಾಗಿದೆ. ತೇಗದ ಮಟ್ಟಿಗೆ ಇದು ಪೂರ್ಣ ಸತ್ಯವಲ್ಲ. ತೇಗದಲ್ಲಿ ಪ್ರತಿವರ್ಷದ ಉಂಗುರದ ಆರಂಭದಲ್ಲಿ ದೊಡ್ಡ ರಂಧ್ರಗಳ ಒಂದು ಪಟ್ಟಿ ಮೂಡುತ್ತದೆ. ಉಂಗುರ ತೀರ ಕಿರಿದಾದಾಗಲೂ ಈ ಪಟ್ಟಿ ಹೆಚ್ಚು ಕಿರಿದಾಗದೆ ಅದರ ಬಹುಭಾಗವನ್ನು ಆಕ್ರಮಿಸುತ್ತದೆ. ಆದ್ದರಿಂದ ಅತಿ ನಿಧಾನವಾಗಿ ಬೆಳೆದ ತೇಗ ಬಲದಲ್ಲಿ ಹಿಂದೆ ಬೀಳುವುದುಂಟು. ನೆಡುತೋಪಿನ ಎಳೆಯ ತೇಗದ ನಿಜವಾದ ಕೊರತೆ ವೇಗದ್ದಲ್ಲ, ವಯಸ್ಸಿನದು. ಅದರಲ್ಲಿ ಹೊರಗಿನ ಬಿಳಿಮರ ಹೆಚ್ಚು, ಒಳಗಿನ ಕೆಚ್ಚು ಕಡಿಮೆ; ಗೆದ್ದಲು ಹಿಡಿಯುವುದು ಈ ಬಿಳಿಮರವನ್ನೇ.

ತೇಗದ ಬೀಜಮೂಲದ ಪ್ರಶ್ನೆ ಇಪ್ಪತ್ತನೆಯ ಶತಮಾನದಲ್ಲಿ ಶಾಸ್ತ್ರೀಯ ರೂಪ ಪಡೆಯಿತು. ಬೇರೆ ಬೇರೆ ಪ್ರದೇಶಗಳ ಬೀಜಗಳನ್ನು ಒಂದೇ ಸ್ಥಳದಲ್ಲಿ ಅಕ್ಕಪಕ್ಕ ಬೆಳೆಸಿ ಹೋಲಿಸುವ ಅಖಿಲ ಭಾರತ ಪ್ರಯೋಗಗಳು 1930ರ ಸುಮಾರಿಗೆ ಆರಂಭವಾದವು. ಸಾಮಾನ್ಯವಾಗಿ ಸ್ಥಳೀಯ ಬೀಜ ನಂಬಿಕೆಗೆ ಅರ್ಹ, ಆದರೆ ಮಳೆ ಹೆಚ್ಚಿರುವ ಕಡೆಗಳಲ್ಲಿ ನಿಲಂಬೂರಿನಂಥ ತೇವ ಪ್ರದೇಶದ ಬೀಜ ಮುಂದಾಗಬಲ್ಲದು ಎಂಬ ಅರಿವು ಅವುಗಳಿಂದ ಬಂದಿತು. ಮೈಸೂರಿನ ಅರಣ್ಯಾಧಿಕಾರಿ ಕೆ. ಕದಂಬಿ ಅವರು 1945ರಲ್ಲಿ 'ತೇಲಿ' ಎಂಬ ತೇಗದ ಬಗೆಯನ್ನು ಕುರಿತು ಬರೆದರು. ಸಾಮಾನ್ಯ ತೇಗದ ಎಲೆ ಮುಟ್ಟಿದರೆ ಒರಟು. ತೇಲಿಯದು ಎಣ್ಣೆ ಸವರಿದಂತೆ ನಯ. ಎಲೆಯನ್ನು ಮುಟ್ಟಿ ತಳಿ ಗುರುತಿಸುವ ಇಂಥ ತಿಳಿವಳಿಕೆ ಪ್ರಯೋಗಾಲಯಕ್ಕಿಂತ ಮೊದಲೇ ಕಾಡಿನಲ್ಲಿತ್ತು. ಅದನ್ನು ಶಾಸ್ತ್ರದ ಪುಟಕ್ಕೆ ತಂದದ್ದು ಕದಂಬಿಯವರ ಕೊಡುಗೆ.

ದೇಶದಲ್ಲಿ 1960ರ ದಶಕದಿಂದ ನೇರವಾದ, ದೀರ್ಘಕಾಂಡದ ಶ್ರೇಷ್ಠ ಮರಗಳನ್ನು ಆಯ್ದು ಗುರುತು ಹಾಕಿ, ಅವುಗಳಿಂದ ಕಸಿಮಾಡಿ ಬೀಜದ ತೋಟಗಳನ್ನು ಬೆಳೆಸುವ ಕೆಲಸ ನಡೆಯಿತು. 1970ರ ದಶಕದಲ್ಲಿ ಡೆನ್ಮಾರ್ಕಿನ ನೆರವಿನಿಂದ ಹಲವು ಉಷ್ಣವಲಯದ ದೇಶಗಳಲ್ಲಿ ತೇಗದ ಬೀಜಮೂಲಗಳ ಅಂತರರಾಷ್ಟ್ರೀಯ ಹೋಲಿಕೆ ನಡೆದಾಗ ಉತ್ತರ ಕನ್ನಡದ ವಿರ್ನೋಲಿಯ ಬೀಜವೂ ಅದರಲ್ಲಿ ಸೇರಿತ್ತು. ದಾಂಡೇಲಿ ಕಾಡಿನ ಒಂದು ಪುಟ್ಟ ಊರಿನ ಹೆಸರು ಹೀಗೆ ದೂರದೇಶಗಳ ಪ್ರಯೋಗಗಳ ಪಟ್ಟಿಯಲ್ಲಿ ಕಾಣಿಸಿಕೊಂಡಿತು. ಅದೇ ಜಿಲ್ಲೆಯ ಕರಾವಳಿಗೆ ಬಂದ ಬೀಜಗಳ ಜೊತೆಗೆ ಇಂಥ ಊರಿನ ಹೆಸರು ಬರಲಿಲ್ಲ.

ಕರಾವಳಿಗೆ ಮೊದಲು ಬಂದದ್ದು ಗಾಳಿಮರ. ಉತ್ತರ ಕೆನರಾದ ಕಡಲಂಚಿನಲ್ಲಿ ಇದರ ನೆಡುವಿಕೆ 1868–69ರಲ್ಲಿ ಆರಂಭವಾಯಿತು. 1883ರಲ್ಲಿ ಕಾರವಾರದಲ್ಲಿ ತಂಗಿದ್ದ ರವೀಂದ್ರನಾಥ ಠಾಕೂರರು ತಮ್ಮ ಆತ್ಮಕಥನದಲ್ಲಿ ಅಲ್ಲಿನ ಮರಳಿನ ಅಂಚಿನ ಗಾಳಿಮರದ ಕಾಡನ್ನು ನೆನೆದಿದ್ದಾರೆ. ಕವಿ ಕಂಡ ಆ ಕಾಡಿಗೆ ಆಗ ಹದಿನೈದು ವರ್ಷವೂ ತುಂಬಿರಲಾರದು. ಬೇರಿನ ಗಂಟುಗಳಲ್ಲಿ ನೆಲೆಸುವ ಫ್ರಾಂಕಿಯಾ ಎಂಬ ಸೂಕ್ಷ್ಮಜೀವಿಯ ನೆರವಿನಿಂದ ಗಾಳಿಯ ಸಾರಜನಕವನ್ನು ಹಿಡಿಯಬಲ್ಲ ಈ ಮರ ಬರಿ ಮರಳಿನಲ್ಲೂ ಬೆಳೆಯುತ್ತದೆ. ಅದರಿಂದ ಬಯಸಿದ್ದು ಸೌದೆ ಮತ್ತು ಮರಳಿಗೆ ತಡೆ. ಸೌದೆಗೆ ಡೊಂಕು ದೋಷವಲ್ಲ, ಆದ್ದರಿಂದ ತಳಿಯ ವಿಚಾರ ಏಳಲಿಲ್ಲ. ಬೆಳೆದ ತೋಪಿನ ಬೀಜವನ್ನೇ ಮತ್ತೆ ಬಿತ್ತುತ್ತ ಬಂದುದರಿಂದ ಒಂದು ಸ್ಥಳೀಯ ತಳಿ ತಾನಾಗಿ ರೂಪುಗೊಂಡಿತು. ಅದರ ಮೂಲ ಕಿರಿದು.

ಗಾಳಿಮರದ ಬಳಕೆ ಬದಲಾದಾಗ ಈ ಕಿರಿದುತನ ಕಣ್ಣಿಗೆ ಬಿತ್ತು. ಕಟ್ಟಡಗಳ ಆಸರೆಗೆ ಕಂಬ, ಕಾಗದದ ಗಿರಣಿಗಳಿಗೆ ಕಚ್ಚಾವಸ್ತು ಬೇಕಾದಾಗ ನೇರತನಕ್ಕೆ ಬೆಲೆ ಬಂದಿತು. ಕಂಬಕ್ಕಾಗಿ ಬೆಳೆಯುವ ರೈತರು ಒಂದು ಮೀಟರಿಗೊಂದು ಸಸಿಯಂತೆ ಹೆಕ್ಟೇರಿಗೆ 10,000 ನೆಡುವುದುಂಟು. ಬೇಕಾದ ಸಪುರತೆಯನ್ನು ಅವರು ದಟ್ಟಣೆಯಿಂದಲೇ ಪಡೆಯುತ್ತಾರೆ. ಆದರೆ ದಟ್ಟಣೆ ಕೊಂಬೆಯನ್ನು ಸಣ್ಣದು ಮಾಡಬಲ್ಲದೇ ಹೊರತು ಹುಟ್ಟುಡೊಂಕನ್ನು ಪೂರ್ತಿ ತಿದ್ದಲಾರದು. 1990ರ ದಶಕದಲ್ಲಿ ಆಸ್ಟ್ರೇಲಿಯದ ಸಂಸ್ಥೆಗಳ ಸಹಯೋಗದಿಂದ ನಾನಾ ದೇಶಗಳ ಗಾಳಿಮರದ ಬೀಜಗಳು ಭಾರತಕ್ಕೆ ಬಂದವು. ಕೊಯಮತ್ತೂರಿನ ಅರಣ್ಯ ತಳಿವಿಜ್ಞಾನ ಮತ್ತು ವೃಕ್ಷಸಂವರ್ಧನ ಸಂಸ್ಥೆಯ ಮುಂದಿನ ಕೆಲಸ, ಇಂಡೋನೇಷ್ಯದ ಸೋದರ ಜಾತಿಯೊಂದಿಗೆ ಸಂಕರಗೊಳಿಸಿ ಆಯ್ದ ನೇರಕಾಂಡದ ತಳಿಗಳು, ಎಲ್ಲವೂ ಆ ಹೊಸ ಬೀಜಗಳ ಮೇಲೆ ನಿಂತಿವೆ. ಕರಾವಳಿಯ ಹಳೆಯ ತೋಪುಗಳಿಂದ ಇದು ಸಾಧ್ಯವಿರಲಿಲ್ಲ.

ಕಿರಿದಾದ ತಳಿಮೂಲದ ಅಪಾಯವನ್ನು ಕರ್ನಾಟಕ ಇನ್ನೊಂದು ಮರದಲ್ಲಿ ಈ ಮೊದಲೇ ಅನುಭವಿಸಿತ್ತು. ನಂದಿಬೆಟ್ಟದ ಕೆಲವೇ ಹಳೆಯ ಮರಗಳಿಂದ ಹರಡಿ 'ಮೈಸೂರು ಗಮ್' ಎಂದು ಹೆಸರಾದ ನೀಲಗಿರಿಯನ್ನು 1950ರ ದಶಕದಿಂದ ರಾಜ್ಯದಾದ್ಯಂತ ನೆಡಲಾಯಿತು. ಒಣಭೂಮಿಯಲ್ಲಿ ಅದು ನಿಂತಿತು. ಪಶ್ಚಿಮ ಘಟ್ಟದ ಭಾರಿ ಮಳೆಯ ನೆಲದಲ್ಲಿ ಗುಲಾಬಿ ರೋಗವೆಂಬ ಶಿಲೀಂಧ್ರ ಬಾಧೆಗೆ ತುತ್ತಾಗಿ ತೋಪುಗಳು ಹಾಳಾದವು. ಘಟ್ಟದ ಸೀಮೆಯಲ್ಲಿ ಇನ್ನೊಂದು ವಿದೇಶಿ ಮರವನ್ನು ಹುಡುಕಲು ಈ ಸೋಲೂ ಒಂದು ಪ್ರೇರಣೆ. ಸಿಕ್ಕಿದ ಮರ ಅಕೇಶಿಯ ಆರಿಕ್ಯುಲಿಫಾರ್ಮಿಸ್.

ಈ ಅಕೇಶಿಯ ಭಾರತಕ್ಕೆ ಬಂದದ್ದು 1946ರಲ್ಲಿ, ಪಶ್ಚಿಮ ಬಂಗಾಳಕ್ಕೆ. ಅದರ ಸಹಜ ನೆಲೆ ಉತ್ತರ ಆಸ್ಟ್ರೇಲಿಯ, ಪಾಪುವಾ ನ್ಯೂಗಿನಿ ಮತ್ತು ಇಂಡೋನೇಷ್ಯದ ಪೂರ್ವ ಭಾಗ. ಅಲ್ಲಿ ಅದು ಒಂದೇ ರೂಪದ ಮರವಲ್ಲ. ಕ್ವೀನ್ಸ್‌ಲ್ಯಾಂಡಿನ ನೆಲೆಗಳ ಮರಗಳು ಹೆಚ್ಚಾಗಿ ಒಂಟಿಕಾಂಡದವು, ನೇರವಾದವು. ಪಾಪುವಾ ನ್ಯೂಗಿನಿಯವು ವೇಗದಲ್ಲಿ ಮುಂದು. ಆಸ್ಟ್ರೇಲಿಯದ ಉತ್ತರ ಪ್ರಾಂತ್ಯದವು ಬುಡದಲ್ಲೇ ಕವಲೊಡೆಯುವ ಸ್ವಭಾವದವು. ಅಂತರರಾಷ್ಟ್ರೀಯ ಹೋಲಿಕೆಗಳಿಂದ ಈ ಭೇದ ಸ್ಪಷ್ಟವಾಗುವ ಹೊತ್ತಿಗೆ ಭಾರತದ ತೋಪುಗಳು ಬೆಳೆದುಬಿಟ್ಟಿದ್ದವು. ಅವು ಹಿಂದಿನ ದಶಕಗಳಲ್ಲಿ ಬಂದ ಬೀಜದ ಸಂತತಿ. ಅನೇಕ ಕಡೆ ಆ ಮರಗಳು ಎದೆಮಟ್ಟ ಬರುವುದರೊಳಗೇ ಎರಡು ಮೂರು ಕಾಂಡಗಳಾಗಿ ಒಡೆದು ಡೊಂಕಾಗಿ ಬೆಳೆದವು.

1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯಲ್ಲೂ, ಬ್ರಿಟನ್ನಿನ ನೆರವಿನಿಂದ 1990ರ ದಶಕದಲ್ಲಿ ಇದೇ ಜಿಲ್ಲೆಯಲ್ಲಿ ಆರಂಭವಾದ ಪಶ್ಚಿಮ ಘಟ್ಟ ಅರಣ್ಯ ಯೋಜನೆಯ ಕಾಲದಲ್ಲೂ ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಬೋಳುಗುಡ್ಡಗಳಿಗೆ ಹಸಿರು ತಂದದ್ದು ಮುಖ್ಯವಾಗಿ ಅಕೇಶಿಯ. ದನ ತಿನ್ನುವುದಿಲ್ಲ, ಜಂಬಿಟ್ಟಿಗೆಯ ಬಿರುಕಿನಲ್ಲೂ ಬೇರು ಬಿಡುತ್ತದೆ, ನಾಲ್ಕು ತಿಂಗಳ ಮಳೆ ಮತ್ತು ಎಂಟು ತಿಂಗಳ ಒಣಹವೆ ಎರಡನ್ನೂ ಸಹಿಸುತ್ತದೆ. ಸಾಮಾನ್ಯವಾಗಿ ನೆಟ್ಟ ಅಂತರ ಎರಡು ಮೀಟರಿಗೆ ಎರಡು ಮೀಟರು, ಹೆಕ್ಟೇರಿಗೆ 2500 ಸಸಿ. ಗುಡ್ಡವನ್ನು ಬೇಗ ಮುಚ್ಚಲು, ಸೌದೆ ಒದಗಿಸಲು ಈ ದಟ್ಟಣೆ ಸರಿಯಾದುದೇ. ಉದ್ದೇಶ ಸೌದೆಯೆಂದು ಇಟ್ಟುಕೊಂಡರೆ ಅಂದಿನ ಅರಣ್ಯಾಧಿಕಾರಿಗಳ ಆಯ್ಕೆಯಲ್ಲಿ ತಪ್ಪು ಹುಡುಕುವುದು ನ್ಯಾಯವಲ್ಲ. ಆಕ್ಷೇಪಕ್ಕೆ ಅವಕಾಶವಿರುವುದು ಮುಂದಿನ ಹಂತದಲ್ಲಿ. 1993ರ ಏಪ್ರಿಲ್‌ನ ಸರ್ಕಾರಿ ಆದೇಶದಿಂದ ಕರ್ನಾಟಕದಲ್ಲಿ ಜಂಟಿ ಅರಣ್ಯ ಯೋಜನೆ ಮತ್ತು ನಿರ್ವಹಣೆ ಜಾರಿಗೆ ಬಂದು, ನೆಡುತೋಪಿನ ಆದಾಯದಲ್ಲಿ ಗ್ರಾಮ ಅರಣ್ಯ ಸಮಿತಿಗಳಿಗೂ ಪಾಲು ಬಂದಾಗ, ಆ ತೋಪಿನಿಂದ ಸೌದೆ ತೆಗೆಯಬೇಕೇ ನಾಟಾ ತೆಗೆಯಬೇಕೇ ಎಂಬುದು ಊರಿನ ಆದಾಯದ ಪ್ರಶ್ನೆಯೇ ಆಯಿತು. ಒಂದೇ ಗುಡ್ಡದ ಒಂದೇ ವಯಸ್ಸಿನ ಮರಗಳಲ್ಲಿ ಸೌದೆಯಾಗಿ ತೂಗುವ ಮರಕ್ಕೂ ದಿಮ್ಮಿಯಾಗಿ ಅಳೆಯುವ ಮರಕ್ಕೂ ಬೆಲೆಯ ವ್ಯತ್ಯಾಸ ದೊಡ್ಡದು.

ಅಕೇಶಿಯ ನಾಟಾ ಆಗಬಲ್ಲದೆಂಬುದನ್ನು ಮೊದಲು ಕಂಡುಕೊಂಡವರು ಬಡಗಿಗಳೆನ್ನಬಹುದು. ಕಂದುಬಣ್ಣದ ಕೆಚ್ಚು, ಒಳ್ಳೆಯ ಹೊಳಪು, ತೇಗದ ಆಸುಪಾಸಿನ ತೂಕ: ಹಲಸು, ಮತ್ತಿ, ಹೊನ್ನೆಗಳು ದುರ್ಲಭವಾದ ಕಾಲದಲ್ಲಿ ಅದು ಕರಾವಳಿಯ ಮನೆಗಳ ದಾರಂದವಾಯಿತು, ಪಕಾಸಿಯಾಯಿತು, ಮಂಚ ಮೇಜುಗಳಾಯಿತು. ಮೈಸೂರು ಸಂಸ್ಥಾನದ ಕಾಲದಲ್ಲಿ 1938ರಲ್ಲಿ ಅರಣ್ಯ ಪ್ರಯೋಗಾಲಯವಾಗಿ ಹುಟ್ಟಿ, ಇಂದು ಮರವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯೆಂದು ಹೆಸರಾಗಿರುವ ಬೆಂಗಳೂರಿನ ಕೇಂದ್ರದ ವಿಜ್ಞಾನಿಗಳು ನೆಡುತೋಪಿನ 8, 12 ಮತ್ತು 13 ವರ್ಷಗಳ ಅಕೇಶಿಯ ಮರದ ಬಲವನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದರು. ಬಡಗಿ ಕೈಯಳತೆಯಿಂದ ತಿಳಿದುದು ಹೀಗೆ ಯಂತ್ರದ ಅಳತೆಗೂ ಒಳಪಟ್ಟಿತು.

ಸೀಳುವ ಯಂತ್ರದ ಮುಂದೆ ನಿಂತಾಗ ಬೀಜಮೂಲ ಮತ್ತು ಅಂತರಗಳ ಪಾತ್ರ ಬೇರೆಬೇರೆಯಾಗಿ ಕಾಣುತ್ತದೆ. ದಿಮ್ಮಿ ಸಪುರವಾಗಿ, ಕೆಚ್ಚು ಕಡಿಮೆಯಿದ್ದರೆ ಅದು ಬಹುಪಾಲು ದಟ್ಟಣೆಯ ಫಲ: ಎರಡು ಮೀಟರಿಗೆ ನೆಟ್ಟು ಸಕಾಲದಲ್ಲಿ ವಿರಳಗೊಳಿಸಲಿಲ್ಲ, ಅಥವಾ ಬೇಗ ಕಡಿಯಲಾಯಿತು. ದಿಮ್ಮಿ ಬಾಗಿದ್ದರೆ, ಕವಲಿನಲ್ಲಿ ತೊಗಟೆ ಒಳಸೇರಿದ್ದರೆ ಅದು ಬಹುಪಾಲು ತಳಿಯ ಫಲ. ಬಾಗಿದ ಕಾಂಡವು ತನ್ನನ್ನು ನೆಟ್ಟಗೆ ನಿಲ್ಲಿಸಿಕೊಳ್ಳಲು ಒಂದು ಪಕ್ಕದಲ್ಲಿ ಸೆಳೆತದ ಮರವನ್ನು ಕಟ್ಟುತ್ತದೆ. ಅಂಥ ಹಲಗೆ ಸೀಳುವಾಗಲೇ ನಾರೆದ್ದು, ಒಣಗುವಾಗ ಸೊಟ್ಟಗಾಗುತ್ತದೆ. ವೃಕ್ಷ ತಳಿವಿಜ್ಞಾನವು ಅನೇಕ ಜಾತಿಗಳಲ್ಲಿ ಕಂಡುಕೊಂಡಿರುವುದೂ ಇದಕ್ಕೆ ಹೊಂದುತ್ತದೆ: ಕಟ್ಟಿಗೆಯ ಸಾಂದ್ರತೆ ಮತ್ತು ಕಾಂಡದ ನೇರತನ ತಾಯಿಮರದಿಂದ ಸಂತತಿಗೆ ಗಣನೀಯವಾಗಿ ಇಳಿದು ಬರುವ ಗುಣಗಳು, ಕಾಂಡದ ದಪ್ಪ ಅಷ್ಟಾಗಿ ಅಲ್ಲ, ಅದನ್ನು ನೆಲವೂ ನೆರೆಮರಗಳೂ ನಿರ್ಧರಿಸುತ್ತವೆ. ಇದರಿಂದ ಹೊರಡುವ ವ್ಯಾವಹಾರಿಕ ಅರ್ಥ ಮಹತ್ವದ್ದು. ಅಂತರದ ತಪ್ಪನ್ನು ಐದನೆಯ ವರ್ಷದಲ್ಲೋ ಎಂಟನೆಯ ವರ್ಷದಲ್ಲೋ ಕೊಡಲಿ ಹಿಡಿದು ತಿದ್ದಬಹುದು. ಬೀಜದ ತಪ್ಪನ್ನು ಆ ತೋಪು ನಿಂತಿರುವವರೆಗೆ ತಿದ್ದಲಾಗದು. ತಿದ್ದಲಾಗುವ ಅಂಶಕ್ಕೆ ಲೆಕ್ಕವಿಟ್ಟು ತಿದ್ದಲಾಗದ್ದನ್ನು ಬಿಟ್ಟದ್ದು ಈ ಚರಿತ್ರೆಯ ವಿಪರ್ಯಾಸ.

ಈ ಎರಡು ಅಂಶಗಳು ಪರಸ್ಪರ ಸಂಬಂಧವಿಲ್ಲದವೂ ಅಲ್ಲ. ದಟ್ಟ ತೋಪಿನಲ್ಲಿ ನೆರೆಯ ಮರಗಳನ್ನು ಹತ್ತಿಕ್ಕಿ ದಪ್ಪವಾಗುವ ಮರ ಒಂಟಿಯಾಗಿ ಶ್ರೇಷ್ಠವಾಗಿ ಕಾಣುತ್ತದೆ. ಅದರ ಸಂತತಿಯನ್ನೇ ಒಟ್ಟಾಗಿ ನೆಟ್ಟಾಗ ಒಂದನ್ನೊಂದು ಹತ್ತಿಕ್ಕಿ ತೋಪಿನ ಒಟ್ಟು ಇಳುವರಿ ನಿರೀಕ್ಷೆಯಷ್ಟು ಬಾರದಿರಬಹುದು. ಕವಲೊಡೆಯುವ ತಳಿಗೆ ಒತ್ತಾದ ನೆಡುವಿಕೆ ಸ್ವಲ್ಪಮಟ್ಟಿಗೆ ಶಿಸ್ತು ಕಲಿಸುತ್ತದೆ. ನೇರವಾದ ತಳಿಯಾದರೆ ಆ ದಟ್ಟಣೆಯ ಅಗತ್ಯವೇ ಕಡಿಮೆ. ಮೂರು ಮೀಟರಿಗೊಂದರಂತೆ ಹೆಕ್ಟೇರಿಗೆ 1111 ಸಸಿ ನೆಟ್ಟರೂ ನಾಟಾ ದೊರೆಯುತ್ತದೆ. ಸಸಿ, ಗುಂಡಿ, ಕೂಲಿಗಳ ವೆಚ್ಚ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಸಾಲುಗಳ ನಡುವೆ ಬೀಳುವ ಬೆಳಕಿನಲ್ಲಿ ಸ್ಥಳೀಯ ಗಿಡಗಳು ತಲೆಯೆತ್ತಲೂ ಅವಕಾಶವಿರುತ್ತದೆ. ದಟ್ಟ ಅಕೇಶಿಯದ ಕೆಳಗೆ ದರಕಿನ ಹಾಸಲ್ಲದೆ ಹೆಚ್ಚೇನೂ ಕಾಣದೆಂಬ ಕರಾವಳಿಯ ಜನರ ದೂರಿನಲ್ಲಿ ಮರದ ಜಾತಿಯ ಪಾಲೆಷ್ಟು, ನೆಟ್ಟ ಅಂತರದ ಪಾಲೆಷ್ಟು ಎಂಬುದನ್ನು ಬಿಡಿಸಿ ನೋಡುವುದು ಅಗತ್ಯ.

ಮುಂದಿನ ದಿನಗಳಲ್ಲಿ ಕ್ವೀನ್ಸ್‌ಲ್ಯಾಂಡಿನ ಸ್ಪ್ರಿಂಗ್‌ವೇಲ್ ಎಂಬ ನೆಲೆಯ ಅಕೇಶಿಯ ಕರ್ನಾಟಕಕ್ಕೆ ಬಂದಿತು. ಇದರ ಕಾಂಡ ಹಳೆಯದಕ್ಕಿಂತ ಎಷ್ಟು ನೇರವೆಂದರೆ, ಸಸ್ಯಕ್ಷೇತ್ರಗಳಲ್ಲೂ ರೈತರಲ್ಲೂ ಅದು ಬೇರೆಯೇ ಒಂದು ಮರವೆಂಬಂತೆ 'ಸ್ಪ್ರಿಂಗ್‌ವೇಲ್' ಎಂಬ ಹೆಸರಿನಿಂದಲೇ ಪರಿಚಿತವಾಗಿದೆ. ಒಂದು ಊರಿನ ಹೆಸರು ಮರದ ಹೆಸರಾಗುವುದು ಸಣ್ಣ ಸಂಗತಿಯಲ್ಲ. ಕಗ್ಗದ ಬೀಜಕ್ಕಿದ್ದ ಮರ್ಯಾದೆ ಕೊನೆಗೂ ಒಂದು ಮರದ ಬೀಜಕ್ಕೆ ಸಂದಿತು.

ಹಳೆಯ ಅಕೇಶಿಯ ಮಾತ್ರ ಗುಡ್ಡಗಳಿಂದ ಹೋಗಿಲ್ಲ. ಅದರ ಬೀಜಕ್ಕೆ ಗಟ್ಟಿ ಸಿಪ್ಪೆಯಿದ್ದು, ವರ್ಷಗಟ್ಟಲೆ ಮಣ್ಣಿನಲ್ಲಿ ಉಳಿಯುತ್ತದೆ. ತೋಪು ಕಡಿದು ನೆಲ ಬಿಸಿಲಿಗೆ ತೆರೆದಾಗ, ಅಥವಾ ಬೇಸಿಗೆಯ ಬೆಂಕಿ ಹಾದುಹೋದ ಮೇಲಿನ ಮೊದಲ ಮಳೆಗೆ, ರಾಶಿರಾಶಿಯಾಗಿ ಮೊಳೆಯುತ್ತದೆ. ನೇರವಾದ ಮರಗಳನ್ನು ನಾಟಾಕ್ಕೆ ಮೊದಲು ಕಡಿದು ಡೊಂಕುಮರಗಳನ್ನು ಉಳಿಸಿದ್ದ ತೋಪಿನಲ್ಲಿ ಈ ಬೀಜ ಬಹುಪಾಲು ಡೊಂಕುಮರಗಳದೇ. ಅಂತರ ಎರಡು ಮೀಟರೂ ಅಲ್ಲ, ಮೂರೂ ಅಲ್ಲ, ಗೇಣಿಗೊಂದು. ನೆಡುತೋಪುಗಳ ಬಳಿ ನಿಲ್ಲಿಸುವ ಫಲಕದ ಮೇಲೆ ಸಾಮಾನ್ಯವಾಗಿ ಸ್ಥಳ, ವರ್ಷ, ಕ್ಷೇತ್ರ, ಜಾತಿ ಮತ್ತು ಸಸಿಗಳ ಸಂಖ್ಯೆ ಇರುತ್ತವೆ. ತಾನಾಗಿ ಎದ್ದ ಈ ಎರಡನೆಯ ತಲೆಮಾರಿಗೆ ಆ ಫಲಕವೂ ಇಲ್ಲ.